ಡಿಸ್ಚಾರ್ಜ್ ಸಮರಿ ಬಿಡಿಸಿ ಓದಿದ್ದು

ಅತ್ತಿಗೆಯ ಪಿತ್ತಕೋಶದ ಆಪರೇಷನ್ ಆಗಿ ಮನೆಗೆ ಹೊರಡುವ ದಿನ. ಡಾಕ್ಟರು ಬೆಳಿಗ್ಗೆಯೇ ‘ಹೊರಡಬಹುದು’ ಅಂದಿದ್ದರು. ಆದರೆ ಇನ್ಶೂರೆನ್ಸಿನವರ ಅಪ್ರೂವಲ್ ಬರುವ ತನಕ ಬಿಲ್ಲಿಂಗ್ ಕೌಂಟರಿನವರು ಬಿಡುವ ಹಾಗಿಲ್ಲ. ಅಣ್ಣ ಕೌಂಟರಿಗೂ ವಾರ್ಡಿಗೂ ಓಡಾಡುತ್ತಿದ್ದ. ಪಿಯುಸಿ ಓದುವ ಅವನ ಮಗಳು ಡಿಸ್ಚಾರ್ಜ್ ಸಮರಿ ತಿರುವಿಹಾಕಿ, “ಚಿಕ್ಕಪ್ಪ, ನೀವು ಇಂಗ್ಲಿಷ್ ಮೇಷ್ಟ್ರಲ್ವಾ, ಇದನ್ನ ಓದಿ ನೋಡೋಣ” ಅಂತ ಮುಂದೆ ಹಿಡಿದಳು.

‘ಲ್ಯಾಪರೋಸ್ಕೋಪಿಕ್ ಕೋಲೆಸಿಸ್ಟೆಕ್ಟಮಿ.’

ಹೈಸ್ಕೂಲಿನಲ್ಲಿ ಪ್ರಿಫಿಕ್ಸ್, ಸಫಿಕ್ಸ್, ಅಂದರೆ ಪದದ ತಲೆಗೂ ಬಾಲಕ್ಕೂ ಹಚ್ಚುವ ತುಂಡುಗಳ ಪಾಠದಷ್ಟು ಸಪ್ಪೆ ಪಾಠ ಇನ್ನೊಂದಿಲ್ಲ. ಹ್ಯಾಪಿಗೆ ಅನ್, ಪಾಸಿಬಲ್‌ಗೆ ಇಮ್, ಲೀಗಲ್‌ಗೆ ಇಲ್. ಬಿಟ್ಟ ಸ್ಥಳ ತುಂಬಿದರೆ ಮುಗಿಯಿತು. ಸುತ್ತು ಹಾಕಿ ಅಂದರೆ ‘ಅಂಕಲ್’ನ (uncle) ಮೊದಲ ಎರಡಕ್ಷರ un-ಗೂ ಸುತ್ತು ಹಾಕುವ ಹುಡುಗರು ಪ್ರತಿ ವರ್ಷ ಸಿಗುತ್ತಾರೆ. ತಲೆ ತೆಗೆದ ಮೇಲೆ ಉಳಿದದ್ದಕ್ಕೆ ಅರ್ಥ ಉಂಟೋ ನೋಡ್ರೋ ಅಂತ ಗದರಿಸುವುದು ನನ್ನ ಕೆಲಸ. ಆಸ್ಪತ್ರೆಯ ಪದಗಳಲ್ಲಿ ಆ ಉಪಾಯ ನಡೆಯದು, ತುಂಡುಗಳೆಲ್ಲ ಬಹುಪಾಲು ಗ್ರೀಕಿನವು. ಒಂದೊಂದರ ಗುರುತೂ ಇರಬೇಕು.

ಲ್ಯಾಪರೋಸ್ಕೋಪಿಕ್ ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವಂಥದ್ದು. ಅದನ್ನು ಬದಿಗಿಟ್ಟು, ಮಾತ್ರೆ ಕವರಿನ ಹಿಂದೆ ಎರಡನೆಯ ಪದ ಬರೆದು ನಡುನಡುವೆ ಗೆರೆ ಎಳೆದೆ. ಕೋಲೆ ಅಂದರೆ ಪಿತ್ತ. ಸಿಸ್ಟ್ ಅಂದರೆ ಚೀಲ. ಎಕ್ಟಮಿ ಅಂದರೆ ಕತ್ತರಿಸಿ ಹೊರಗೆ ತೆಗೆಯುವುದು. “ಪಿತ್ತದ ಚೀಲ ತೆಗೆದಿದ್ದು!” ಅಂತ ಅವಳೇ ಜೋಡಿಸಿದಳು. ಮೇಲಿನ ಸಾಲಿನಲ್ಲಿ ಕಾಯಿಲೆಯ ಹೆಸರು ಕೋಲೆಲಿಥಿಯಾಸಿಸ್ ಅಂತಿತ್ತು. ಲಿಥ್ ಅಂದರೆ ಕಲ್ಲು ಅಂದ ಕೂಡಲೇ ಭೂಗೋಳದ ‘ಲಿಥೋಸ್ಫಿಯರ್’ ಅವಳಿಗೆ ನೆನಪಾಯಿತು. ಬಾಲ ಬದಲಾದರೆ ಕತೆಯೇ ಬದಲಾಗುತ್ತದೆ. ಟಾನ್ಸಿಲೈಟಿಸ್ ಅಂದರೆ ಟಾನ್ಸಿಲ್ ಊದಿಕೊಂಡಿದೆ, ಟಾನ್ಸಿಲೆಕ್ಟಮಿ ಅಂದರೆ ಟಾನ್ಸಿಲೇ ಹೋಯಿತು.

ಹಳೆಯ ಕಾಯಿಲೆಗಳ ಸಾಲಿನಲ್ಲಿ ಹೈಪರ್‌ಟೆನ್ಷನ್, ಹೈಪೋಥೈರಾಯ್ಡಿಸಂ ಅಕ್ಕಪಕ್ಕ ಇದ್ದವು. ಮಲಗಿದ್ದಲ್ಲಿಂದಲೇ ಅತ್ತಿಗೆ, “ಎರಡೂ ಹೈ ಅಂತಾನೇ ಇದೆಯಲ್ಲ, ಎರಡೂ ಜಾಸ್ತಿನಾ?” ಅಂದರು. ಕೇಳಬೇಕಾದ ಪ್ರಶ್ನೆಯೇ. ಹೈಪರ್ ಅಂದರೆ ಮಿತಿ ಮೀರಿದ್ದು, ಹೈಪೋ ಅಂದರೆ ಮಿತಿಗಿಂತ ಕಮ್ಮಿ. ಅವರಿಗೆ ಬಿಪಿ ಜಾಸ್ತಿ, ಥೈರಾಯ್ಡ್ ಹಾರ್ಮೋನು ಕಡಿಮೆ. ನೆನಪಿಟ್ಟುಕೊಳ್ಳಲು ನಮಗೊಂದು ಒಳ್ಳೆಯ ದಾರಿ ಇದೆ: ಗ್ರೀಕಿನ ಹೈಪರ್ ಮತ್ತು ಸಂಸ್ಕೃತದ ‘ಉಪರಿ’ ಒಂದೇ ಬೇರಿನವು, ಹೈಪೋ ಮತ್ತು ‘ಉಪ’ ಕೂಡ ಹಾಗೆಯೇ. ಉಪರಿ ಮೇಲೆ, ಉಪಾಧ್ಯಕ್ಷ ಅಧ್ಯಕ್ಷನ ಕೆಳಗೆ. ರಕ್ತ ಕಡಿಮೆ ಅನ್ನುವ ಅನೀಮಿಯಾದ ‘ಅನ್’ ನಮ್ಮ ಅನಾರೋಗ್ಯದ ‘ಅನ್’ಗೆ ದಾಯಾದಿ. ವ್ಯಂಜನದ ಮುಂದೆ ಅ, ಸ್ವರದ ಮುಂದೆ ಅನ್: ಅಧರ್ಮ, ಅನಾದರ. ಗ್ರೀಕರದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ.

ಶಾಲೆಯಲ್ಲಿ ಮಾತ್ರ ಕನ್ನಡ ವ್ಯಾಕರಣಕ್ಕೊಂದು ಪೀರಿಯಡ್, ಇಂಗ್ಲಿಷ್ ಗ್ರಾಮರಿಗೆ ಇನ್ನೊಂದು. ಒಂದು ‘ಹಾರ’ಕ್ಕೆ ಆ, ವಿ, ಸಂ, ಪರಿ ಹಚ್ಚಿ ಆಹಾರ, ವಿಹಾರ, ಸಂಹಾರ, ಪರಿಹಾರ ಬರೆಯುವ ಹುಡುಗನಿಗೆ ಮುಂದಿನ ಪೀರಿಯಡ್ಡಿನಲ್ಲಿ ಪ್ರಿಫಿಕ್ಸನ್ನು ಹೊಸ ಪ್ರಾಣಿಯ ಹಾಗೆ ತೋರಿಸುತ್ತೇವೆ. ಇದು ಸುಮ್ಮನೆ ದಂಡ ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ತುಂಡುಗಳನ್ನೇ ನಂಬಿ ಕೂರುವ ಹಾಗೂ ಇಲ್ಲ. ಪೆಟ್ರೋಲ್ ಟ್ಯಾಂಕರಿನ ಬೆನ್ನ ಮೇಲಿನ ‘ಇನ್‌ಫ್ಲಾಮಬಲ್’ನಲ್ಲಿರುವ ಇನ್, ‘ಇಲ್ಲ’ ಅನ್ನುವ ‘ಇನ್‌ವಿಸಿಬಲ್’ನ ಇನ್ ಅಲ್ಲ. ಆ ಪದಕ್ಕೆ ಸುಲಭವಾಗಿ ಬೆಂಕಿ ಹತ್ತುವಂಥದ್ದು ಅಂತಲೇ ಅರ್ಥ. ಬೆಂಕಿ ಹತ್ತದು ಅಂದುಕೊಂಡು ಅದರ ಪಕ್ಕ ಬೀಡಿ ಹಚ್ಚಿದವನ ಗತಿ ದೇವರಿಗೇ ಪ್ರೀತಿ.

ನಮ್ಮ ಗೆರೆ ಎಳೆಯುವ ಆಟ ನೋಡುತ್ತಿದ್ದ ಪಕ್ಕದ ಬೆಡ್ಡಿನ ಕಡೆಯ ಯಜಮಾನರೊಬ್ಬರು ಚೀಲದಿಂದ ತಮ್ಮದೇ ಚೀಟಿ ತೆಗೆದರು. “ಇದೇನ್ ಸ್ವಾಮಿ, ದೊಡ್ಡ ಕಾಯ್ಲೆನಾ?” ಚೀಟಿಯಲ್ಲಿ ಮೊಣಕಾಲಿನ ಆಸ್ಟಿಯೋಆರ್ಥ್ರೈಟಿಸ್ ಅಂತಿತ್ತು. ಔಷಧದ ವಿಚಾರ ಡಾಕ್ಟರನ್ನೇ ಕೇಳಿ, ಪದ ಬೇಕಾದರೆ ಬಿಡಿಸುತ್ತೇನೆ ಅಂದೆ. ಆಸ್ಟಿಯೋ ಮೂಳೆ, ಆರ್ಥ್ರ್ ಕೀಲು, ಐಟಿಸ್ ಉರಿಯೂತ.

ಅವರು ಚೀಟಿಯನ್ನೂ ನನ್ನನ್ನೂ ನೋಡಿದರು. “ಮಂಡಿ ಕೀಲು ಉರೀತದೆ, ಊದ್ಕಂತದೆ ಅಂತ ನಾನೇ ಅಲ್ವಾ ಸ್ವಾಮಿ ಅವರಿಗೆ ಹೇಳಿದ್ದು? ಅದನ್ನೇ ತಿರುಗಿ ನನಗೇ ಬರ್ದು ಕೊಟ್ಟು, ದುಡ್ಡೂ ಇಸ್ಕಂಡವ್ರೆ!”