ಚಿಕ್ಕಮ್ಮನ ಎದೆಯುರಿ, ಎಮರ್ಜೆನ್ಸಿಯ ರಾತ್ರಿ

ಭಾನುವಾರ ರಾತ್ರಿ ಚಿಕ್ಕಮ್ಮನಿಗೆ ಎದೆಯುರಿ ಶುರುವಾಯಿತು. ಎಡಗೈವರೆಗೂ ಎಳೆದಂತಾಗ್ತಿದೆ ಎಂದರು. ಮಾಮೂಲಿ ಡಾಕ್ಟರಿಗೆ ಫೋನ್ ಮಾಡಿದರೆ, "ಎದೆ ವಿಷಯ, ನೇರ ಎಮರ್ಜೆನ್ಸಿಗೆ ಹೋಗಿ" ಅಂದುಬಿಟ್ಟರು. ಹೋದೆವು.

ಎದೆನೋವು ಎಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ವೈದ್ಯರ ಕಟ್ಟಳೆ. ಚಿಕ್ಕಮ್ಮನಿಗೂ ಹಾಗೇ ಆಯಿತು. ಇಸಿಜಿ ಸರಿಯಿತ್ತು. ರಕ್ತ ತೆಗೆದುಕೊಂಡರು, ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ತೆಗೆಯಬೇಕು, ಕೂತಿರಿ ಎಂದರು. ಕೂತೆವು.

ಕೂತರೆ ಕಣ್ಣಿಗೆ ಬೀಳುವುದೇ ಅಕ್ಕಪಕ್ಕದವರು. ಬಿಪಿ ಮಾತ್ರೆ ಮುಗಿದಿದೆ, ಚೀಟಿ ಬರೆಸಿಕೊಳ್ಳಬೇಕು ಎಂದು ಬಂದ ಹಿರಿಯರೊಬ್ಬರು. ಕಿವಿನೋವಿಗೆ ಅಳುವ ಮಗುವನ್ನೆತ್ತಿಕೊಂಡ ತಾಯಿ. ಕಾಲಿನ ಹಳೇ ಗಾಯಕ್ಕೆ ಡ್ರೆಸ್ಸಿಂಗ್ ಬದಲಿಸಲು ಬಂದ ಹುಡುಗ. ನರ್ಸ್ ಅವನನ್ನು ನೋಡಿ, "ಇದೇನು ಓಪಿಡಿನಾ? ಬೆಳಗ್ಗೆ ಬರಬಾರದಾ?" ಎಂದು ಗದರಿದರು. ಬೆಳಗ್ಗೆ ಬಂದರೆ ಅವನಿಗೆ ಆ ದಿನದ ಕೂಲಿ ಹೋಗುತ್ತದೆ. ಅದನ್ನು ಅವನು ನರ್ಸಿಗೆ ಹೇಳಲಿಲ್ಲ, ನನಗೆ ಹೇಳಿದ. ಓಪಿಡಿ ಮುಚ್ಚಿದ ಮೇಲೆ ಬಾಗಿಲು ತೆರೆದಿರುವುದು ಇದೊಂದೇ ಕಡೆ ಅಲ್ವಾ?

ನರ್ಸಿನ ಸಿಟ್ಟೂ ಸುಳ್ಳಲ್ಲ. ಬಂದವರನ್ನೆಲ್ಲ ಮೊದಲು ನೋಡಿ, ಯಾರಿಗೆ ಎಷ್ಟು ಅವಸರ ಎಂದು ವಿಂಗಡಿಸುವವರು ಅವರೇ. ಇದಕ್ಕೆ ಟ್ರಯಾಜ್ ಅಂತಾರೆ. ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಐದು ಬಣ್ಣ: ಕೆಂಪಾದರೆ ತಕ್ಷಣ, ಹಸಿರಾದರೆ 2 ಗಂಟೆ, ನೀಲಿಯಾದರೆ 4 ಗಂಟೆಯವರೆಗೂ ಕಾಯಬಹುದು. ಇದು ಗೊತ್ತಿಲ್ಲದೆ ಒಬ್ಬರು "ನಾವು ಮೊದಲು ಬಂದಿದ್ದು!" ಎಂದು ಕೂಗಾಡುತ್ತಲೇ ಇದ್ದರು.

ನಡುರಾತ್ರಿ ದಾಟಿದ ಮೇಲೆ ಎರಡನೇ ರಿಪೋರ್ಟ್ ಬಂತು. ಹೃದಯಕ್ಕೆ ಏನೂ ಆಗಿಲ್ಲ, ಬರೀ ಅಸಿಡಿಟಿ. ಡ್ಯೂಟಿ ಡಾಕ್ಟರ್ ಆಕಳಿಸುತ್ತಾ, "ಅಮ್ಮಾ, ಇಷ್ಟಕ್ಕೆಲ್ಲ ಇಲ್ಲಿಗೆ ಬರಬೇಕಿರಲಿಲ್ಲ" ಎಂದರು. ನನಗೆ ಆ ಮಾತು ಚುಚ್ಚಿತು. ಅಸಿಡಿಟಿ ಎಂದು ಹೇಳೋಕೆ ಅವರಿಗೇ ಒಂದು ಇಸಿಜಿ, ಎರಡು ರಕ್ತಪರೀಕ್ಷೆ ಬೇಕಾಯಿತು. ಚಿಕ್ಕಮ್ಮ ಮನೆಯಲ್ಲಿ ಕೂತು ಅದನ್ನು ಹೇಗೆ ಕಂಡುಹಿಡಿಯಬೇಕಿತ್ತು?

ಆಮೇಲೆ ಈ ಬಗ್ಗೆ ಓದಿದೆ. ಅಮೆರಿಕದ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2013ರಲ್ಲಿ ಎಮರ್ಜೆನ್ಸಿ ಭೇಟಿಗಳ ಬಗ್ಗೆ ಒಂದು ಅಧ್ಯಯನ ಬಂದಿತ್ತು. ಕೊನೆಗೆ 'ಇದು ಕ್ಲಿನಿಕ್ಕಿನಲ್ಲೇ ಆಗುತ್ತಿತ್ತು' ಎನ್ನಬಹುದಾದ ಭೇಟಿಗಳು ನೂರಕ್ಕೆ ಸುಮಾರು 6. ಆದರೆ ಈ ಆರರಲ್ಲಿ ಜನ ಬಂದಾಗ ಹೇಳಿಕೊಂಡ ತೊಂದರೆಗಳನ್ನೇ, ಒಟ್ಟು ಭೇಟಿಗಳಲ್ಲಿ ನೂರಕ್ಕೆ ಸುಮಾರು 89ರಲ್ಲೂ ಹೇಳಿಕೊಂಡಿದ್ದರು. ಬಾಗಿಲಲ್ಲಿ ಎಲ್ಲರೂ ಹೇಳುವುದು ಹೆಚ್ಚುಕಡಿಮೆ ಒಂದೇ: ಎದೆನೋವು, ಹೊಟ್ಟೆನೋವು, ಜ್ವರ.

ಇನ್ನು ಗದ್ದಲದ ವಿಷಯ. ಆ ರಾತ್ರಿ ಕಾರಿಡಾರಿನಲ್ಲಿ ಸಾಲಾಗಿ ಸ್ಟ್ರೆಚರುಗಳಿದ್ದವು. ಅವರೆಲ್ಲ ಆಗಲೇ ಅಡ್ಮಿಟ್ ಆದವರು, ವಾರ್ಡಿನಲ್ಲಿ ಹಾಸಿಗೆ ಖಾಲಿಯಿಲ್ಲದೆ ಕೆಳಗೇ ಉಳಿದವರು. ಎಮರ್ಜೆನ್ಸಿ ಕಟ್ಟಿಕೊಳ್ಳುವುದು ಜಾಸ್ತಿ ಇದರಿಂದಲೇ. ಕೆನಡಾದಲ್ಲಿ 2007ರಲ್ಲಿ ಲೆಕ್ಕಹಾಕಿ ನೋಡಿದ್ದಾರೆ: 8 ಗಂಟೆಯಲ್ಲಿ ಸಣ್ಣಪುಟ್ಟ ತೊಂದರೆಯವರು 10 ಮಂದಿ ಹೆಚ್ಚಿಗೆ ಬಂದರೂ ಉಳಿದ ರೋಗಿಗಳು ಅಲ್ಲಿ ಕಳೆಯುವ ಸಮಯ ಸರಾಸರಿ ಐದಾರು ನಿಮಿಷವಷ್ಟೇ ಜಾಸ್ತಿಯಾಗುತ್ತದಂತೆ. ಆದರೂ ಬೈಗುಳ ಬೀಳುವುದು ಡ್ರೆಸ್ಸಿಂಗಿಗೆ ಬಂದ ಹುಡುಗನಿಗೆ. ಎದುರಿಗೆ ಸಿಗುವವನು ಅವನೇ ತಾನೇ!

ಹೊರಡುವಾಗ ಡಿಸ್ಚಾರ್ಜ್ ಚೀಟಿ ಕೊಟ್ಟರು. ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: 'ಮತ್ತೆ ಎದೆನೋವು ಬಂದರೆ ತಕ್ಷಣ ತುರ್ತು ವಿಭಾಗಕ್ಕೆ ಬನ್ನಿ.' ಚಿಕ್ಕಮ್ಮ ಕನ್ನಡಕ ಏರಿಸಿ ಎರಡು ಸಲ ಓದಿದರು. "ಡಾಕ್ಟ್ರು ಬರಬೇಡಿ ಅಂದ್ರು, ಚೀಟಿ ಬನ್ನಿ ಅನ್ನುತ್ತೆ. ನಾನೀಗ ಯಾರ ಮಾತು ಕೇಳಲಿ?" ಎಂದರು. "ಚೀಟಿ ಮಾತು ಕೇಳಿ ಚಿಕ್ಕಮ್ಮ" ಎಂದೆ.