ಹಳೇ ಫೋನಿನ ಬ್ಯಾಟರಿ ಊದಿಕೊಂಡಿದ್ದರೆ

ತಿಂಗಳುಗಟ್ಟಲೆ ಡ್ರಾಯರಿನಲ್ಲಿ ಬಿದ್ದಿದ್ದ ಫೋನನ್ನು ಚಾರ್ಜಿಗೆ ಹಾಕುವ ಮೊದಲು ಅದರ ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಹಿಂಬದಿಯ ಕವರ್ ಎದ್ದಿದ್ದರೆ, ಡಿಸ್‌ಪ್ಲೇ ಪಕ್ಕದಲ್ಲಿ ಉಗುರು ತೂರುವಷ್ಟು ಸಂದು ಬಿಟ್ಟಿದ್ದರೆ, ಮೇಜಿನ ಮೇಲಿಟ್ಟಾಗ ಬುಗುರಿಯಂತೆ ತಿರುಗಿದರೆ, ಬ್ಯಾಟರಿ ಊದಿದೆ ಎಂದೇ ತಿಳಿಯಿರಿ. ಚಾರ್ಜರ್ ಚುಚ್ಚಲೇಬೇಡಿ. ಆನ್ ಆಗಿದ್ದರೆ ಆಫ್ ಮಾಡಿ. ಫೋನ್ ತಣ್ಣಗಿದ್ದು, ಫೋಟೋಗಳು ಬೇಕೇ ಬೇಕು ಎಂದಿದ್ದರೆ ಆಫ್ ಮಾಡುವ ಮೊದಲು ವೈಫೈನಲ್ಲಿ ಕಳಿಸಿಕೊಳ್ಳಿ. ಕಂಪ್ಯೂಟರಿಗೆ ಕೇಬಲ್ ಹಾಕಿದರೆ ಅದರಿಂದಲೂ ಚಾರ್ಜ್ ಆಗುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಈಗಿನ ಹೆಚ್ಚಿನ ಫೋನುಗಳ ಬ್ಯಾಟರಿ ಎಂದರೆ ಅಲ್ಯೂಮಿನಿಯಂ ಪದರವಿರುವ ಮೆತ್ತನೆ ಚೀಲ. ವಯಸ್ಸಾಗಿ, ಬಿಸಿಗೆ ಸಿಕ್ಕಿ ಒಳಗಿನ ಎಲೆಕ್ಟ್ರೋಲೈಟ್ ಎಂಬ ರಾಸಾಯನಿಕ ದ್ರವ ಒಡೆದಾಗ ಕಾರ್ಬನ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್‌ನಂಥ ಅನಿಲಗಳು ಹುಟ್ಟಿ ಚೀಲ ಉಬ್ಬುತ್ತದೆ. ಸುಮ್ಮನೆ ಇಟ್ಟ ಫೋನಿನಲ್ಲಿ ಇನ್ನೊಂದು ತೊಂದರೆಯಿದೆ. ಸೆಲ್ಲಿನ ವೋಲ್ಟೇಜ್ ಬಹಳ ಕೆಳಗಿಳಿದರೆ ಒಳಗಿನ ತಾಮ್ರದ ಹಾಳೆ ಆ ದ್ರವದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಕೊಟ್ಟಾಗ ಆ ತಾಮ್ರ ಎಲ್ಲೆಲ್ಲೋ ಕೂತು ಒಳಗೇ ಶಾರ್ಟ್ ಮಾಡಬಲ್ಲದು. ಚಾರ್ಜಿಗೆ ಹಾಕಬೇಡಿ ಎಂದು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಪಿನ್ನಿನಿಂದ ಚುಚ್ಚಿ ಗಾಳಿ ತೆಗೆಯುವುದು ಎಲ್ಲಕ್ಕಿಂತ ಅಪಾಯದ ಕೆಲಸ. ಪಾಸಿಟಿವ್, ನೆಗೆಟಿವ್ ಪದರಗಳ ನಡುವೆ ಇರುವುದು ಕೂದಲಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ. ಪಿನ್ ಅದನ್ನು ದಾಟಿದ ಕ್ಷಣವೇ ಶಾರ್ಟ್. ಕೆಲವೇ ಸೆಕೆಂಡಿನಲ್ಲಿ ಹೊಗೆ, ಬೆಂಕಿ. ಹೊರಬರುವ ಹೊಗೆಯಲ್ಲಿ ಶ್ವಾಸಕೋಶ ಸುಡುವ ಹೈಡ್ರೋಜನ್ ಫ್ಲೋರೈಡ್ ಕೂಡ ಇರಬಹುದು. ಎದ್ದ ಕವರನ್ನು ಒತ್ತಿ ಕೂರಿಸುವುದು, ರಬ್ಬರ್ ಬ್ಯಾಂಡ್ ಬಿಗಿಯುವುದು, ಫ್ರೀಜರಿನಲ್ಲಿಡುವುದು, ಇವೂ ಬೇಡ. ಊದಿದ ಬ್ಯಾಟರಿ ಮತ್ತೆ ಸರಿಹೋಗುವುದಿಲ್ಲ.

ಹಿಂಬದಿ ಕವರ್ ಕೈಯಲ್ಲೇ ಬಿಚ್ಚುವ ಹಳೆಯ ಮಾದರಿಯಾದರೆ, ಬ್ಯಾಟರಿ ಸಲೀಸಾಗಿ ಬಂದರೆ ಮಾತ್ರ ತೆಗೆಯಿರಿ. ಚಿನ್ನದ ಬಣ್ಣದ ಸಂಪರ್ಕ ಬಿಂದುಗಳ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿ. ಬಿಗಿಯಾಗಿ ಸಿಕ್ಕಿಕೊಂಡಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಅಂಟು ಹಾಕಿ ಕೂರಿಸಿದ ಬ್ಯಾಟರಿಯನ್ನಂತೂ ಮನೆಯಲ್ಲಿ ಬಿಚ್ಚಲು ಹೋಗಲೇಬಾರದು. ಅಂಟು ಸಡಿಲಿಸಲು ಹೇರ್ ಡ್ರೈಯರ್ ಹಿಡಿದರೆ ಆ ಬಿಸಿ ನೇರ ಸೆಲ್ಲಿಗೇ ತಗಲುತ್ತದೆ. ಮೀಟುವಾಗ ಚೀಲ ಮಡಿಚಿದರೂ ಸಾಕು, ಒಳಗೆ ಶಾರ್ಟ್ ಆಗಬಹುದು. ಫೋನ್ ಸಮೇತ ರಿಪೇರಿಯವರಿಗೆ ಒಪ್ಪಿಸಿ.

ಅಲ್ಲಿಯವರೆಗೆ ಲೋಹದ ಡಬ್ಬದಲ್ಲಿ ಒಣ ಮರಳು ಹಾಕಿ ಅದರೊಳಗಿಡಿ. ಮುಚ್ಚಳ ಬಿಗಿಯಬೇಡಿ, ಅನಿಲ ಹೊರಹೋಗಲು ದಾರಿ ಬೇಕು. ಬಿಸಿಲು ಬೀಳದ, ಗಾಳಿಯಾಡುವ, ಹತ್ತಿರದಲ್ಲಿ ಪರದೆ, ಕಾಗದ, ಹಾಸಿಗೆ ಇಲ್ಲದ ಜಾಗ ಒಳ್ಳೆಯದು. ನೇಲ್ ಪಾಲಿಶ್ ರಿಮೂವರಿನಂಥ ಸಿಹಿ ವಾಸನೆ ಬಂದರೆ ಚೀಲ ಸೋರುತ್ತಿರಬಹುದು. ಬರಿಗೈಯಲ್ಲಿ ಮುಟ್ಟಬೇಡಿ, ಕಿಟಕಿ ತೆರೆಯಿರಿ. ಮುಟ್ಟದೆಯೇ ಬಿಸಿಯಾಗುತ್ತಿದ್ದರೆ, ಹಿಸ್ ಎಂಬ ಸದ್ದು ಬಂದರೆ, ಹೊಗೆ ಎದ್ದರೆ ಎತ್ತಿಕೊಂಡು ಓಡಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ, ನೀವೂ ಹೊರಬಂದು ಬಾಗಿಲು ಮುಚ್ಚಿ ಅಗ್ನಿಶಾಮಕದವರನ್ನು ಕರೆಯಿರಿ.

ಇದನ್ನು ಕಸದ ಬುಟ್ಟಿಗೆ ಎಸೆದರೆ ಕಸ ಒತ್ತುವ ಲಾರಿಯಲ್ಲಿ ಜಜ್ಜಿಹೋಗಿ ಬೆಂಕಿ ಹತ್ತಬಹುದು. ಪಾರ್ಸೆಲ್ಲಿನಲ್ಲಿ, ವಿಮಾನದಲ್ಲಿ ಕಳಿಸುವುದೂ ಸಲ್ಲ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಮೊದಲೇ ಫೋನ್ ಮಾಡಿ ‘ಬ್ಯಾಟರಿ ಊದಿದೆ’ ಎಂದು ತಿಳಿಸಿ, ಕೈಗೇ ತಲುಪಿಸಿ. ಹೇಳದೆ ಪೆಟ್ಟಿಗೆಗೆ ಹಾಕಿದರೆ ಅಲ್ಲಿನ ಕೆಲಸಗಾರರು ಅದನ್ನು ಬೇರೆ ಬ್ಯಾಟರಿಗಳ ರಾಶಿಗೆ ಸುರಿದುಬಿಡಬಹುದು.