ಮಾವು ರಫ್ತು: ಕಂಟೇನರ್ ಬಾಗಿಲು ಹಾಕುವುದರೊಳಗೆ ಎಲ್ಲ ತೀರ್ಮಾನವಾಗಿರುತ್ತದೆ

ಹೊರದೇಶದ ಬಂದರಿನಲ್ಲಿ ಮಾವು ತಿರಸ್ಕೃತವಾದರೆ ಮೊದಲು ಬೈಗುಳ ತಿನ್ನುವುದು ಹಡಗಿನವರು. ಆದರೆ ಬಹಳಷ್ಟು ಸಲ ಹಣ್ಣು ಕೆಟ್ಟಿರುವುದು ತೋಟದಲ್ಲೋ, ಹಣ್ಣು ವಿಂಗಡಿಸಿ ಪೆಟ್ಟಿಗೆಗೆ ತುಂಬುವ ಪ್ಯಾಕ್‌ಹೌಸ್‌ನಲ್ಲೋ.

ಸೊನೆಯನ್ನೇ ನೋಡಿ. ಕಾಯಿಯನ್ನು ಐದಾರು ಸೆಂ.ಮೀ. ತೊಟ್ಟಿನ ಸಮೇತ ಕತ್ತರಿಸಿ, ನೆರಳಿಗೆ ತಂದು, ತೊಟ್ಟನ್ನು ಒಂದು ಸೆಂ.ಮೀ.ಗೆ ಇಳಿಸಿ, ಜಾಲರಿಯ ಮೇಲೆ ಬೋರಲು ಇಡಬೇಕು. ಅರ್ಧ ಗಂಟೆಯಾದರೂ ಸೊನೆ ಸೋರಲಿ. ತೊಟ್ಟನ್ನು ಬುಡಕ್ಕೇ ಮುರಿದರೆ ಸೊನೆ ಚಿಮ್ಮಿ ಸಿಪ್ಪೆಯ ಮೇಲೆ ಇಳಿಯುತ್ತದೆ. ಆಗ ಏನೂ ಕಾಣುವುದಿಲ್ಲ, ಆಮೇಲೆ ಕಪ್ಪು ಗೆರೆಗಳು ಮೂಡುತ್ತವೆ. ತೊಳೆದರೆ ಹೋಗುವ ಕಲೆಯಲ್ಲ ಅದು.

ಇನ್ನು ಹಣ್ಣುನೊಣ. ಹಣ್ಣಿನೊಳಗಿನ ಅದರ ಹುಳುಗಳನ್ನು ಕೊಲ್ಲಲು ಬಿಸಿನೀರಿನ ಉಪಚಾರವಿದೆ. ಭಾರತದ ಮಾವಿಗೆ ಅಮೆರಿಕ ಕೇಳುವುದು ವಿಕಿರಣ ಉಪಚಾರವನ್ನು; ಬೇರೆ ಕೆಲವು ದೇಶಗಳ ಮಾವಿಗೆ ಅದು ಇಟ್ಟಿರುವ ಬಿಸಿನೀರಿನ ನಿಯಮದಂತೆ ನೀರು 46.1 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಣ್ಣಿನ ಆಕಾರ, ತೂಕ ನೋಡಿಕೊಂಡು 65ರಿಂದ 110 ನಿಮಿಷ ಮುಳುಗಿಸಬೇಕು. ನೀರಿಗಿಳಿಸುವ ಮುನ್ನ ತಿರುಳು ಕನಿಷ್ಠ 21.1 ಡಿಗ್ರಿ ಇರಬೇಕು, ಆದ್ದರಿಂದ ಕೋಲ್ಡ್ ರೂಮಿನಿಂದ ನೇರವಾಗಿ ತಂದು ಹಾಕುವಂತಿಲ್ಲ. ಮೇಲೆತ್ತಿದ ಕೂಡಲೇ ತಣ್ಣೀರಿಗೆ ಹಾಕುವವರು ಮುಳುಗಿಸುವ ಸಮಯಕ್ಕೆ ಇನ್ನೂ ಹತ್ತು ನಿಮಿಷ ಸೇರಿಸಿಕೊಳ್ಳಬೇಕು. ಸೀಸನ್ ಆರಂಭದ ಒಳ್ಳೆಯ ರೇಟಿಗೆ ಆಸೆಪಟ್ಟು ಬಲಿಯದ ಕಾಯಿ ಕೊಯ್ದವರಿಗೆ ಪೆಟ್ಟು ಬೀಳುವುದು ಇಲ್ಲೇ: ಎಳೆಗಾಯಿ ಈ ಶಾಖ ತಡೆಯದೆ ತೊಟ್ಟಿನ ಸುತ್ತ ಕುಸಿಯುತ್ತದೆ. ಪ್ರತಿ ಲಾಟಿನಿಂದ ಕೆಲವು ಕಾಯಿ ಹೋಳು ಮಾಡಿ ವಾಟೆ ಗಟ್ಟಿಯಾಗಿದೆಯೇ, ತಿರುಳು ಹಳದಿಗೆ ತಿರುಗಿದೆಯೇ ನೋಡಿ.

ರೀಫರ್ ಕಂಟೇನರ್, ಅಂದರೆ ತಂಪು ಯಂತ್ರವಿರುವ ಕಂಟೇನರ್ ಬಗ್ಗೆ ದೊಡ್ಡ ತಪ್ಪು ತಿಳಿವಳಿಕೆಯಿದೆ. ಅದು ತಂಪನ್ನು ಕಾಯುತ್ತದೆ, ಬಿಸಿ ಹಣ್ಣನ್ನು ತಂಪು ಮಾಡಿಕೊಡುವುದಿಲ್ಲ. ತುಂಬುವ ಮೊದಲೇ ತಿರುಳು 12–13 ಡಿಗ್ರಿಗೆ ಇಳಿದಿರಬೇಕು. ಥರ್ಮಾಮೀಟರನ್ನು ತಿರುಳಿಗೇ ಚುಚ್ಚಿ ನೋಡಿ, ರೂಮಿನ ಬೋರ್ಡಿನ ಅಂಕಿ ನಂಬಬೇಡಿ. ಹಾಗಂತ ಹತ್ತಕ್ಕಿಂತ ಕೆಳಗಿಳಿಸಿದರೆ ಸಿಪ್ಪೆ ಬೂದುಗಟ್ಟಿ ಹಣ್ಣು ಸರಿಯಾಗಿ ಮಾಗುವುದೇ ಇಲ್ಲ. ಪೆಟ್ಟಿಗೆಗಳನ್ನು ಗಾಳಿರಂಧ್ರ ಮುಚ್ಚುವಂತೆ ಪೇರಿಸಿದರೆ ಮಧ್ಯದ ಸಾಲು ಹಡಗಿನಲ್ಲೇ ಮಾಗುತ್ತದೆ.

ಕಾಗದಪತ್ರ ಏಜೆಂಟ್ ನೋಡಿಕೊಳ್ಳುತ್ತಾನೆ. ಔಷಧಿ ಸಿಂಪಡಣೆಯ ಲೆಕ್ಕ ಮಾತ್ರ ನೀವೇ ಇಡಬೇಕು. ಹಣ್ಣಿನಲ್ಲಿ ಉಳಿಯುವ, ಪ್ರತ್ಯೇಕ ಮಿತಿ ಗೊತ್ತುಪಡಿಸದ ಕೀಟನಾಶಕಕ್ಕೆ ಯುರೋಪ್ ಒಕ್ಕೂಟದಲ್ಲಿ ಕೆ.ಜಿ.ಗೆ 0.01 ಮಿ.ಗ್ರಾಂ ಎಂಬ ಮಿತಿ ಅನ್ವಯಿಸುತ್ತದೆ, ಅಂದರೆ ಹೆಚ್ಚುಕಡಿಮೆ ಇರಲೇಬಾರದು ಎಂದಂತೆ. ಪೆಟ್ಟಿಗೆ ಪೇರಿಸಲು ಮರದ ಪ್ಯಾಲೆಟ್ ಬಳಸಿದರೆ ಅದಕ್ಕೂ ಕೀಟ ನಿವಾರಣೆಯ ಉಪಚಾರ ಮಾಡಿದ ಮುದ್ರೆ ಬೇಕು. ಸಣ್ಣ ವಿಷಯ, ಆದರೆ ಅದಿಲ್ಲದೆ ಇಡೀ ಲೋಡ್ ನಿಲ್ಲುತ್ತದೆ.

ಲಾಭದ ದಾರಿ ಬರೀ ತಾಜಾ ಹಣ್ಣಿನಲ್ಲಿದೆ ಅಂದುಕೊಳ್ಳಬೇಡಿ. ಕಲೆಯಿದ್ದು ರುಚಿ ಕೆಡದ ಹಣ್ಣನ್ನು ಪಲ್ಪ್ ಮಾಡಿ ಅಸೆಪ್ಟಿಕ್ (ಸೂಕ್ಷ್ಮಜೀವಿ ಸೇರದಂತೆ ತುಂಬಿ ಮುಚ್ಚುವ) ಡ್ರಮ್ಮಿಗೆ ತುಂಬಿದರೆ ಶೀತಲ ಸಾಗಣೆಯ ಹಂಗಿಲ್ಲ. ಹೋಳು ಮಾಡಿ ಮೈನಸ್ 18ರಲ್ಲಿ ಇಟ್ಟರೆ ಸೀಸನ್ ಮುಗಿದ ಮೇಲೂ ಮಾರಬಹುದು. ತಾಜಾ ರಫ್ತಿಗೆ ಇಳಿಯುವವರು ತಮ್ಮ ಗ್ರೇಡಿಂಗಿನಲ್ಲಿ ಹೊರಬೀಳುವ ಹಣ್ಣಿಗೆ ಪಲ್ಪ್ ಘಟಕದ ಜೊತೆ ಮೊದಲೇ ಮಾತಾಡಿಕೊಳ್ಳಲಿ, ರಾಶಿ ಬಿದ್ದ ಮೇಲೆ ಹೋದರೆ ಅವರು ಹೇಳಿದ್ದೇ ರೇಟು.

ಹೊಸ ಖರೀದಿದಾರ ‘ಕಳಿಸಿ, ಮಾರಿದ ಮೇಲೆ ಲೆಕ್ಕ ಕೊಡುತ್ತೇನೆ’ ಅಂದರೆ ಕನಿಷ್ಠ ದರ, ದೂರು ಕೊಡುವ ಗಡುವು, ಮೂರನೆಯವರ ತಪಾಸಣೆ ಇಷ್ಟನ್ನಾದರೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕಂಟೇನರ್ ಬಾಗಿಲ ಪಕ್ಕದ ಪೆಟ್ಟಿಗೆಯಲ್ಲೊಂದು ಟೆಂಪರೇಚರ್ ಲಾಗರ್ (ದಾರಿಯುದ್ದಕ್ಕೂ ಉಷ್ಣತೆ ದಾಖಲಿಸುವ ಉಪಕರಣ) ಇಡಿ. ಹೆಚ್ಚು ಬಿಸಿಯಾಗುವ ಜಾಗ ಸಾಮಾನ್ಯವಾಗಿ ಅದೇ, ಜಗಳ ಬಂದಾಗ ನಿಮ್ಮ ಕೈಯಲ್ಲಿರುವ ಸಾಕ್ಷಿ ಆ ಲಾಗರಿನ ದಾಖಲೆಯೇ.